ಮೊದಲು ನೆಲಕ್ಕೆ

ನಾನು ಕಂಬ ಹತ್ತಿದವಳಲ್ಲ.
ಮೂರ್ನಾಡಿನ ಸಬ್‌ಸ್ಟೇಷನ್ನಿನಲ್ಲಿ ಹಗಲು ಪಾಳಿ.
ಒಂದು ಮೇಜು, ಒಂದು ಫೋನು, ಲಾಗ್ ಪುಸ್ತಕ,
ಕಾಲ ಕೆಳಗೆ ರಬ್ಬರ್ ಚಾಪೆ, ನೆಲ ತಾಗದ ಹಾಗೆ.
ತಂತಿಗಳು ನನ್ನ ಕಿಟಕಿಯಿಂದ ಹೊರಟು
ಸಿಲ್ವರ್ ಓಕುಗಳ ಹಿಂದೆ ಮಾಯವಾಗುತ್ತವೆ.
ಆಮೇಲಿನದೆಲ್ಲ ನನಗೆ ಕಿವಿಯಿಂದಷ್ಟೇ ಗೊತ್ತು.

ಜನವರಿ. ಕಾಫಿ ಕೊಯ್ಲಿನ ನಡು.
ರಾತ್ರಿ ಬಂದ ಆನೆ ಬೈನೆ ಮರ ಮುರಿದು
ತಿರುಳು ತಿಂದು, ಉಳಿದದ್ದನ್ನು
ಹನ್ನೊಂದು ಸಾವಿರದ ಮೇಲೆ ಒರಗಿಸಿ ಹೋಗಿತ್ತು.
ಪಲ್ಪರುಗಳು ನಿಂತವು. ಫೋನುಗಳು ಶುರುವಾದವು.

ಮೊಣ್ಣಪ್ಪ ಲೈನ್ ಕ್ಲಿಯರ್ ಕೇಳಿದ.
ಬ್ರೇಕರ್ ತೆರೆದೆ, ಐಸೊಲೇಟರ್ ಎಳೆದೆ, ಬೀಗ ಜಡಿದೆ,
'ಜನ ಕೆಲಸದಲ್ಲಿದ್ದಾರೆ' ಬೋರ್ಡು ತೂಗುಹಾಕಿದೆ.
ನಂಬರು ಕೊಟ್ಟೆ: ನಲವತ್ತೇಳು.
ತಿರುಗಿ ಹೇಳಿದ: ನಲವತ್ತೇಳು.
"ಲೈನು ಸತ್ತಿದೆ," ಅಂದೆ.
"ಸತ್ತಿದೆ ಅಂತ ನೀನು ಹೇಳ್ತಿ ನಫೀಸ,
ಅದು ಹೇಳ್ಬೇಕಲ್ಲ."

ಫೋನನ್ನು ಕಾಫಿ ಗಿಡದ ಕವಲಿಗೆ ಸಿಕ್ಕಿಸಿದನೇನೋ,
ಕಟ್ ಮಾಡುವುದು ಮರೆತಿದ್ದ.
ಕಬ್ಬಿಣದ ಮೇಲೆ ಸುತ್ತಿಗೆ. ಗೂಟ ಇಳಿಯುತ್ತಿದೆ,
ಒಣ ಮಣ್ಣು ಬಿಡುತ್ತಿಲ್ಲ.
"ಹನುಮೇಶ, ಬಾಟ್ಲಿ ಕೊಡು."
"ಕುಡಿಯೂ ನೀರ್ರೀ ಅದು."
ಸಿಂಧನೂರಿನ ಹುಡುಗ. ಬಂದು ಎರಡು ತಿಂಗಳು.
"ಮೊದಲು ಅವಳು ಕುಡೀಲಿ."
ಮನೆಯಲ್ಲಿ ಕಾರೋಣನಿಗೆ ಮೀದಿ ಇಡುವವನು
ಗೂಟದ ಬುಡಕ್ಕೂ ಅದೇ ಕೈಯಲ್ಲಿ ಸುರಿಯುತ್ತಾನೆ,
ನಾನು ಕಂಡಿಲ್ಲ, ಕಂಡವರು ಹೇಳಿದ್ದು.

ಮೊದಲು ನೆಲಕ್ಕೆ ಕಟ್ಟು, ಆಮೇಲೆ ತಂತಿಗೆ.
ಬಿಚ್ಚುವಾಗ ಮೊದಲು ತಂತಿ,
ನೆಲವನ್ನು ಕೊನೆಗೆ ಬಿಡು.
ಇದನ್ನವನು ಪಾಠದ ಹಾಗೆ ಹೇಳುವುದಿಲ್ಲ,
ಹೊಸಬರಿಗೆ ಚಪ್ಪಲಿ ಎಲ್ಲಿಡಬೇಕು ಎಂದು ತೋರಿಸುವ ಹಾಗೆ.

ಅರ್ತಿಂಗ್ ಸೆಟ್ಟು ಹೊಸದು. ಹಳೆಯದನ್ನು
ಯಾರೋ ತಾಮ್ರಕ್ಕೆ ಕದ್ದಿದ್ದರು.
ಏಳು ಸಲ ಇಂಡೆಂಟ್ ಬರೆದಿದ್ದೆ ನಾನು.
ಏಳನೆಯದರಲ್ಲಿ ವ್ಯಾಕರಣ ತಪ್ಪಿತ್ತು, ಸಿಟ್ಟಿಗೆ.

ಆಮೇಲೆ, ಉದ್ದ ಕೋಲಿನ ಕೊಕ್ಕೆ
ಮೊದಲ ತಂತಿಯ ಹತ್ತಿರ ಹೋಗಿರಬೇಕು,
ಕೈಲ್‌ಪೊಳ್ದಿನಲ್ಲಿ ಮರದ ತುದಿಯ ತೆಂಗಿನಕಾಯಿಗೆ
ಗುಂಡು ತಾಗಿದಂಥ ಸದ್ದು.

ಏನೂ ಇಲ್ಲ.

ಪ್ಯಾನೆಲ್ಲಿನ ಮುಳ್ಳು ಸೊನ್ನೆಯಲ್ಲೇ ಇತ್ತು.
ಬೀಗದ ಕೀಲಿ ನನ್ನ ಜೇಬಿನಲ್ಲೇ ಇತ್ತು.
ನಾನು ಸುಳ್ಳು ಹೇಳಿರಲಿಲ್ಲ.
ಆದರೂ ತಂತಿಯೊಳಗೆ ಯಾರೋ ಇದ್ದರು.

ಮೊಣ್ಣಪ್ಪನ ಕೆಮ್ಮು. ಅದಕ್ಕಿಂತ ಚೆಂದದ್ದು
ಆ ಫೋನಿನಲ್ಲಿ ನಾನು ಕೇಳಿಲ್ಲ.
"ಹನುಮೇಶ, ಬೆರಳು ಎಣಿಸು. ಹತ್ತೂ ಇದ್ಯಾ?"
ತಡವಾಗಿ:
"ಅದಾವ್ರಿ."

ಗುಡ್ಡದಾಚೆ ಒಂದು ಹೋಂಸ್ಟೇ.
ಅತಿಥಿಗಳಿಗೆ ಬಿಸಿನೀರು ಬೇಕಿತ್ತು.
ಚೇಂಜ್‌ಓವರ್ ಸ್ವಿಚ್ಚಿಗೆ ಕಾಸು ಬಿಚ್ಚದೆ
ಜನರೇಟರನ್ನು ನೇರ ಮನೆ ವೈರಿಗೆ ಸಿಕ್ಕಿಸಿದ್ದರು.
ಅದು ಹಿಂಬಾಗಿಲಿನಿಂದ ಟ್ರಾನ್ಸ್‌ಫಾರ್ಮರ್ ಹೊಕ್ಕು
ಸಾವಿರಗಳಾಗಿ ಬೆಳೆದು
ಬೈನೆ ಮರದ ಕೆಳಗೆ ಕಾದು ನಿಂತಿತ್ತು.
ಕೊಕ್ಕೆ ಅದನ್ನು ಕೈಹಿಡಿದು
ಒದ್ದೆ ಮಣ್ಣಿಗೆ ಕರೆದೊಯ್ಯಿತು.

ಎರಡೂವರೆಗೆ ಕೆಲಸ ಮುಗಿಯಿತು.
"ಹಾಕಿದ್ದೆಷ್ಟು?" ಕೇಳಿದೆ.
"ಕಂಬದ ಆಚೆಗೊಂದು ಈಚೆಗೊಂದು ಸೆಟ್ಟು. ಆರು ಕ್ಲ್ಯಾಂಪು."
"ತೆಗೆದದ್ದು?"
"ಐದು."
ಕಾದೆ. ಎಸ್ಟೇಟಿನವರ ಇನ್ನೊಂದು ಫೋನು ಬಡಿದುಕೊಳ್ಳುತ್ತಲೇ ಇತ್ತು.
ತಂತಿಯಲ್ಲಿ ನೋಡಿದರು, ಚೀಲದಲ್ಲಿ, ಜೀಪಿನಲ್ಲಿ,
ಕಾಫಿ ಗಿಡದ ಬುಡದಲ್ಲಿ.
"ಆರು," ಅಂದ ಕೊನೆಗೆ, ದನಿ ತಗ್ಗಿಸಿ.
"ಹುಡುಗನ ಕೈಯಲ್ಲೇ ಉಂಟು.
ಆಗಿಂದ ಹಿಡ್ಕೊಂಡೇ ಇದ್ದಾನೆ, ಬಿಡ್ತಿಲ್ಲ."
"ಇರಲಿ," ಅಂದೆ. "ಬಿಡೋವರೆಗೆ ಇರಲಿ."

ಎರಡು ಐವತ್ತಕ್ಕೆ ಬ್ರೇಕರ್ ಹಾಕಿದೆ. ಮುಳ್ಳು ಎದ್ದಿತು.
ಮೂರಕ್ಕೆ ಹೋಂಸ್ಟೇಯವರ ಫೋನು:
ಜನರೇಟರ್ ಸುಟ್ಟಿತು, ಯಾರು ಕೊಡ್ತಾರೆ?
ಹೆಸರು ಕೇಳಿದೆ.
ಮನೆತನದ ಹೆಸರು ಕೇಳಿದೆ. ಮೀಟರಿನ ನಂಬರು ಕೇಳಿದೆ.
ಒಂದೊಂದೇ ಅಕ್ಷರ, ಕೆಂಪು ಶಾಯಿಯಲ್ಲಿ,
ನಿಧಾನವಾಗಿ ಬರೆದುಕೊಂಡೆ.